ಪಿಂಡಿ, ಹಿಂಡಿ ಮತ್ತು ಒಂದು ಪ್ಲಾಟು

ನಮ್ಮ ಮನೆಯವರು ತೆಲುಗು ಕಲಿತದ್ದು ಒಂದೇ ಒಂದು ಸೂತ್ರದ ಮೇಲೆ. ಬಾಗಲಕೋಟೆ ಕಡೆಯಿಂದ ಹೈದರಾಬಾದಿನ ಸರಕಾರಿ ಕಾರ್ಖಾನೆಗೆ ಬಂದ ಹೊಸತರಲ್ಲಿ, ಕಾರ್ಖಾನೆ ಬಸ್ಸಿನೊಳಗೆ ಯಾರೋ ಅವರಿಗೆ ಆ ಗುಟ್ಟು ಹೇಳಿಕೊಟ್ಟಿದ್ದರು. ತೆಲುಗಿನವರು 'ಪ' ಅಂದಲ್ಲಿ ನೀವು 'ಹ' ಇಟ್ಟುಕೊಳ್ಳಿ, ಕನ್ನಡವಾಗುತ್ತದೆ. ಪಾಲು ಎಂದರೆ ಹಾಲು, ಪುಲಿ ಎಂದರೆ ಹುಲಿ, ಪಂದಿ ಎಂದರೆ ಹಂದಿ, ಪುವ್ವು ಎಂದರೆ ಹೂವು. ಇಷ್ಟು ಸುಲಭದ ಭಾಷೆಯನ್ನು ಜನ ಪುಸ್ತಕ ಕೊಂಡು ಯಾಕೆ ಕಲಿಯುತ್ತಾರೋ ಎಂದು ಅವರಿಗೆ ಆಶ್ಚರ್ಯ. ಈ ಸೂತ್ರವನ್ನು ಅವರು ತಮ್ಮ ತಾಯಿಗೂ, ಅಂದರೆ ನಮ್ಮ ಅತ್ತೆಗೂ, ಬಹಳ ಶ್ರದ್ಧೆಯಿಂದ ಕಲಿಸಿದರು.

ಸೂತ್ರ ಕೈಕೊಟ್ಟ ದಿನಗಳೂ ಇದ್ದವು. ಪಕ್ಕದ ಕ್ವಾರ್ಟರ್ಸಿನಲ್ಲಿ ವರಂಗಲ್ ಕಡೆಯ ಒಬ್ಬ ಅಕ್ಕ ಇದ್ದರು. ಒಂದು ದಿನ ಅವರು ಬೇಲಿಯಾಚೆಯಿಂದ, ಪಿಲ್ಲಿ ಹಾಲು ಕುಡಿಯಿತು ಎಂದು ಬೇಜಾರಿನಿಂದ ಹೇಳಿದರು. ಪಿಲ್ಲಿ ಎಂದರೆ ಬೆಕ್ಕು. ಅತ್ತೆ ಸೂತ್ರ ಹಾಕಿ 'ಹಿಲ್ಲಿ', ಅಂದರೆ ಹಲ್ಲಿಯೇ ಇರಬೇಕು ಎಂದು ಲೆಕ್ಕ ತೆಗೆದರು. ಹಲ್ಲಿ ಬಿದ್ದ ಹಾಲು ವಿಷ ಎನ್ನುತ್ತ ಬೇಲಿ ದಾಟಿ ಹೋಗಿ, ಅವರ ಒಲೆಯ ಮೇಲೆ ಬೇರೆಯಾಗಿ ಕಾಯುತ್ತಿದ್ದ ಒಳ್ಳೆಯ ಹಾಲನ್ನೂ ಬಚ್ಚಲಿಗೆ ಸುರಿದು, ತೊಳೆದ ಪಾತ್ರೆಯನ್ನು ಮಗುಚಿ ಇಟ್ಟು ಬಂದರು. ಆ ಅಕ್ಕ ಬಹಳ ಒಳ್ಳೆಯವರು. ಮುದುಕಿಗೆ ಏನೋ ಮಡಿ ಇರಬೇಕು ಎಂದು ಸುಮ್ಮನಾದರು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಸೂತ್ರವೇ ಮುಂದೆ ನಮ್ಮ ಮನೆ ಕಟ್ಟುವ ವಿಚಾರದಲ್ಲಿ ಅಡ್ಡ ಬಂತು.

ಊರ ತುಂಬ ಕಂಪ್ಯೂಟರಿನ ಗಾಳಿ ಬೀಸುತ್ತಿದ್ದ ಕಾಲ ಅದು. ಅಮೀರಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗೆ ಜಾಗವಿಲ್ಲದಂತೆ ಜಾವಾ ಕಲಿಸುವವರ ಪೋಸ್ಟರು. ಇತ್ತ ನಮ್ಮವರ ಕಾರ್ಖಾನೆಯಲ್ಲಿ ಮಾತ್ರ, ಸ್ವಂತ ಇಚ್ಛೆಯಿಂದ ಮನೆಗೆ ಹೋಗುವವರಿಗೆ ಶಾಲು ಹೊದಿಸಿ ಕಳಿಸುವ ಯೋಜನೆ ಬಂದಿತ್ತು. ನಮ್ಮವರ ಸ್ವಂತ ಇಚ್ಛೆಯನ್ನು ಮ್ಯಾನೇಜರು ಕರೆದು ಕೂರಿಸಿ ತಿಳಿಸಿಕೊಟ್ಟರು. ಬೇಸಿಗೆ ಮುಗಿಯುವುದರೊಳಗೆ ಕ್ವಾರ್ಟರ್ಸ್ ಬಿಡಬೇಕಿತ್ತು. ಮಗಳು ಮದುವೆಯಾಗಿ ಹೋಗಿದ್ದಳು. ಉಳಿದವರು ನಾವು ಮೂವರು: ಇವರು, ನಾನು, ಅತ್ತೆ. ತಲೆಯ ಮೇಲೆ ಒಂದು ಸೂರು ಬೇಕಿತ್ತು, ಅದೂ ನಮ್ಮದೇ ಆದ ಸೂರು.

ನನಗೆ ಎಷ್ಟು ಆಸೆಯಿತ್ತು ಎಂದು ಹೇಳಿದರೆ ನಗುತ್ತೀರಿ. ಮದುವೆಯಾದಾಗಿನಿಂದ ಕ್ವಾರ್ಟರ್ಸಿನಲ್ಲಿಯೇ ಬಾಳಿದವಳು ನಾನು. ಕಾರ್ಖಾನೆಯ ಯಂತ್ರಗಳಿಗೆ ಹೊಡೆದು ಉಳಿದ ಹಸಿರು ಬಣ್ಣವನ್ನೇ ನಮ್ಮ ಅಡುಗೆಮನೆಗೂ ಹೊಡೆಯುತ್ತಿದ್ದರು. ಕಿಟಕಿ ಕೆಟ್ಟರೆ ಅರ್ಜಿ, ನಲ್ಲಿ ಸೋರಿದರೆ ಅರ್ಜಿ. ಒಂದು ಕರಿಬೇವಿನ ಸಸಿ ನೆಟ್ಟರೆ, ನಾಳೆ ಬಿಟ್ಟು ಹೋಗುವಾಗ ಇದು ಯಾರ ಪಾಲು ಎನ್ನುವ ಯೋಚನೆ. ನನ್ನ ಮನೆ, ನನ್ನ ಮಣ್ಣು ಎಂದು ಹೇಳಿಕೊಳ್ಳುವ ಹಂಬಲದಲ್ಲಿ ನಾನು ಹಗಲೇ ಕನಸು ಕಾಣುತ್ತಿದ್ದೆ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಜಾಗ ತೋರಿಸಲು ಬಂದವನು ನಮ್ಮವನೇ. ಬಸವಕಲ್ಯಾಣದ ಕಡೆಯವನು. ಇವರ ಜೊತೆಗೇ ಕಾರ್ಖಾನೆಯಲ್ಲಿದ್ದು, ಎಲ್ಲರಿಗಿಂತ ಮೊದಲು ಶಾಲು ಹೊದ್ದುಕೊಂಡು ಹೊರಬಿದ್ದು, ಪ್ಲಾಟು ಮಾರುವ ಧಂದೆಗೆ ಇಳಿದಿದ್ದ. ದಲಾಲಿ ಅಂದರೆ ಅವನಿಗೆ ಸಿಟ್ಟು. ತಾನು ಅಡ್ವೈಸರ್ ಅನ್ನುತ್ತಿದ್ದ. ಅಂಗಿಯ ಜೇಬಿನಲ್ಲಿ ಇಟ್ಟಿಗೆಯಷ್ಟು ದಪ್ಪದ ಮೊಬೈಲು. ಅದು ರಿಂಗಾದರೆ ಎತ್ತುತ್ತಿರಲಿಲ್ಲ, ಆಗ ಕರೆ ಎತ್ತಿದವನಿಗೂ ದುಡ್ಡು ಬೀಳುತ್ತಿತ್ತು. ನಮ್ಮವನು ಎಂಬ ಒಂದೇ ಕಾರಣಕ್ಕೆ ಇವರು ಅವನನ್ನು ಕಣ್ಣುಮುಚ್ಚಿ ನಂಬಿದ್ದರು. ಪರವೂರಿನಲ್ಲಿ ಕನ್ನಡ ಮಾತಾಡುವವನು ಮೋಸ ಮಾಡುವುದಿಲ್ಲ ಎನ್ನುವುದು ಇವರ ಇನ್ನೊಂದು ಸೂತ್ರ.

ಸಂಕ್ರಾಂತಿಯ ಮುಂಚಿನ ಒಂದು ಭಾನುವಾರ ನಾವೆಲ್ಲ ಆಟೋ ಮಾಡಿಕೊಂಡು ಹೋದೆವು. ಹೈಟೆಕ್ ಸಿಟಿಯನ್ನು ದಾಟಿ, ಬಂಡೆಗಳನ್ನು ಒಡೆಯುತ್ತಿದ್ದ ಜಾಗಗಳನ್ನು ದಾಟಿ, ಗಾಜಿನ ಕಟ್ಟಡಗಳು ಮುಗಿದು ಎಮ್ಮೆಗಳು ಶುರುವಾಗುವಲ್ಲಿ ಆ ಲೇಔಟು ಇತ್ತು. ಒಂದು ಕಮಾನು, ಕಮಾನಿನ ಮೇಲೆ ಬೋರ್ಡು. ಆಗ ಎಲ್ಲ ಹೆಸರಿನ ಮುಂದೆಯೂ 'ಸೈಬರ್' ಅಂಟಿಸುತ್ತಿದ್ದರು, ಇಲ್ಲಿಯೂ ಅಂಟಿಸಿದ್ದರು. ಒಳಗೆ ಗರಸು ಹಾಕಿದ ರಸ್ತೆ, ಸುಣ್ಣ ಬಳಿದ ಗಡಿಕಲ್ಲುಗಳು, ಮಟ್ಟಸವಾದ ನೆಲ. ಎರಡು ವರ್ಷ ಮಳೆ ಸರಿಯಾಗಿ ಆಗಿರಲಿಲ್ಲ, ಸುತ್ತೆಲ್ಲ ಒಣಗಿ ಬಿರಿದಿತ್ತು. ನಮಗೆಂದು ತೋರಿಸಿದ ಪ್ಲಾಟು ಮಾತ್ರ ಚೂರು ಇಳಿಜಾರಿನಲ್ಲಿತ್ತು, ಅಲ್ಲೆಲ್ಲ ಸಣ್ಣ ಸಣ್ಣ ಬಿಳಿಯ ಗಿಡಗಳು ಹರಡಿದ್ದವು.

ಗೇಣುದ್ದವೂ ಇಲ್ಲದ ಗಿಡ. ಕಾಂಡ, ಎಲೆ, ತುದಿ, ಎಲ್ಲದರ ಮೇಲೂ ಬಿಳಿಯ ಉಣ್ಣೆ. ತುದಿಯಲ್ಲಿ ಗೊಂಚಲಾಗಿ, ಒಣಹುಲ್ಲಿನ ಬಣ್ಣದ, ಮಿರುಗುವ ಪುಟಾಣಿ ಹೂಗಳು. ಮುಟ್ಟಿದರೆ ಬೆಕ್ಕಿನ ಕಿವಿ ಮುಟ್ಟಿದ ಹಾಗೆ ಮೆತ್ತಗೆ. ಅತ್ತೆ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತು ಸೆರಗಿನ ತುಂಬ ಕಿತ್ತುಕೊಂಡರು. ಭೂಮಿಯೇ ಅರಿವೆ ಹೊದ್ದು ಕೂತಿದೆ, ಶುಭದ ಗುರುತು ಎಂದರು. ದಲಾಲಿ ತಕ್ಷಣ ಹೌದೆಂದ.

"ವೈನಿ, ಇಂಥಾ ಜಾಗಾ ನಾಳೆ ಸಿಗಂಗಿಲ್ರಿ. ನಮ್ಮವರು ಅಂತ ಹೇಳಿ ನಿಮಗ ತಗದಿಟ್ಟೀನಿ" ಎಂದು ನನ್ನ ಕಡೆ ತಿರುಗಿ ಹೇಳಿದ. ಆ ಜಾಗಕ್ಕೆ ಎಲ್ಲಿಂದಲೋ ಸಾಫ್ಟ್‌ವೇರಿನವರು ಬಂದು ಕಾದು ಕೂತಿದ್ದಾರಂತೆ. ಇನ್ನೆರಡು ವಾರದೊಳಗೆ ಟೋಕನ್ ಹಣ ಕೊಟ್ಟುಬಿಡಬೇಕು.

ಇವರು ಗಿಡದ ಕಡೆ ಬೊಟ್ಟು ಮಾಡಿ, "ಏನವಾ ಬಿ.ಎಸ್ಸಿ., ಇದೇನು ಹೇಳು ನೋಡೋಣು" ಎಂದರು.

ಇದರ ಹಿನ್ನೆಲೆ ಹೇಳಬೇಕು. ನಾನು ಧಾರವಾಡದಲ್ಲಿ ಬಾಟನಿ ಓದಿ ಬಿ.ಎಸ್ಸಿ. ಮಾಡಿದವಳು. ಮದುವೆಯ ನಂತರ ಆ ಡಿಗ್ರಿಯನ್ನು ಇವರು ಕಾಯಿಪಲ್ಯದ ಬುಟ್ಟಿಯ ಮುಂದೆ ಮಾತ್ರ ನೆನಪಿಸುತ್ತಿದ್ದರು. ಮೆಂತ್ಯದ ಸಿವುಡಿಗೆ ಬೇರೇನಾದರೂ ಸೇರಿದೆಯೋ ನೋಡಲು ನಾನು. ಕೊತ್ತಂಬರಿ ಬಾಡಿದೆಯೋ ಹೇಳಲು ನಾನು. ಬಂದವರ ಮುಂದೆ "ಈಕಿದು ಕೊತ್ತಂಬರಿ ಡಿಗ್ರಿ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಆವತ್ತು ನನಗೆ ಗಿಡದ ಹೆಸರು ಹೊಳೆಯಲಿಲ್ಲ. ಎಲ್ಲೋ ನೋಡಿದ್ದೇನೆ ಅಂತ ಮಾತ್ರ ಅನ್ನಿಸಿತು. ಆದರೆ ನನ್ನ ಕಣ್ಣು ಆಗಲೇ ಅಡುಗೆಮನೆಗೆ ಮೂಡಣದ ಕಿಟಕಿ ಇಡುವುದರಲ್ಲಿ ಮುಳುಗಿತ್ತು. ಕಳೆ ಗಿಡ, ಇನ್ನೇನು ಎಂದೆ.

ಹೆಸರು ಕೊಟ್ಟವರು ಪಕ್ಕದ ಮನೆಯ ಅಕ್ಕ. ನಾವು ಆಟೋದಿಂದ ಇಳಿಯುವಾಗ ಅತ್ತೆಯ ಸೆರಗಿನ ಗಂಟನ್ನು ತಮ್ಮ ಕಟ್ಟೆಯಿಂದಲೇ ನೋಡಿ, ಪಿಂಡಿ ಕೂರ ತಂದಿರಾ ಎಂದು ಸಂತೋಷಪಟ್ಟರು. ಪಿಂಡಿ ಕೂರ ಎಂದರೆ ತೆಲುಗಿನವರು ಸಂಕ್ರಾಂತಿಯಲ್ಲಿ ಅಂಗಳದ ರಂಗೋಲಿಯ ನಡುವೆ ಇಡುವ ಸಗಣಿ ಉಂಡೆಗೆ ಸಿಕ್ಕಿಸುವ ಬಿಳಿ ಹೂವಿನ ಸೊಪ್ಪು. ಬೇಳೆ ಹಾಕಿ ಪಲ್ಯವನ್ನೂ ಮಾಡುತ್ತಾರೆ. ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆಂದು ಪಿಂಡಿ, ಅಂದರೆ ಹಿಟ್ಟು. ಕಲ್ಲು, ಗರಸು ಇದ್ದ ಒಣ ನೆಲದಲ್ಲಿ ಚೆನ್ನಾಗಿ ಬೆಳೆಯುತ್ತದೆ ಎಂದೂ ಅವರು ಹೇಳಿದರು.

ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಆ ಗಿಡ ನನಗೆ ಗೊತ್ತಿತ್ತು. ಬಾಟನಿಯಲ್ಲಿ ಏರ್ವಾ ಲನಾಟಾ, ನಮ್ಮ ಕನ್ನಡದಲ್ಲಿ ಬಿಳಿ ಹಿಂಡಿ ಸೊಪ್ಪು. ಪ ಹೋಗಿ ಹ ಬಂದಿದೆ. ಇವರ ಸೂತ್ರ ಜೀವನದಲ್ಲಿ ಒಂದು ಸಲವಾದರೂ ಶಾಸ್ತ್ರಸಮ್ಮತವಾಗಿತ್ತು. ಒಣ ನೆಲದ ಗಿಡ ಬೆಳೆದಿದೆ ಎಂದರೆ ಜಾಗ ಒಣ ನೆಲ. ದಲಾಲಿಯ ಮನೆಗೆ ಫೋನ್ ಮಾಡಿ ಹೇಳಿದಾಗ ಅವನು ತಾನೇ ಆ ಗಿಡ ನೆಟ್ಟವನಂತೆ ಹಿಗ್ಗಿದ. ಅದನ್ನು ಬೇರೆ ಗಿರಾಕಿಗಳಿಗೂ ಹೇಳುತ್ತೇನೆ ಎಂದ.

ಇಷ್ಟರಲ್ಲಿ ಅತ್ತೆ ಅಡುಗೆಮನೆಯೊಳಗೆ ತಮ್ಮದೇ ಲೆಕ್ಕ ಮುಗಿಸಿದ್ದರು. ಪಿಂಡಿ ಎಂದರೆ ಹಿಂಡಿ. ನಮ್ಮ ಕಡೆ ಹಿಂಡಿ ಎಂದರೆ ದನದ ಹಿಂಡಿಯೊಂದೇ ಅಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೆಣಸಿನಕಾಯಿ ಹಿಂಡಿ, ರೊಟ್ಟಿಯ ಪಕ್ಕ ಕೂರುವ ಎಲ್ಲ ಖಾರದ ಚಟ್ನಿಯೂ ಹಿಂಡಿಯೇ. ತೆಲುಗಿನವರು ಈ ಸೊಪ್ಪಿನ ಹಿಂಡಿ ಮಾಡುತ್ತಾರೆ, ಅದಕ್ಕೇ ಆ ಹೆಸರು ಎಂದು ತೀರ್ಮಾನಿಸಿ, ಸೊಪ್ಪನ್ನು ಹೂವಿನ ಸಮೇತ ಕಲ್ಲಿಗೆ ಹಾಕಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುರಿದ ಶೇಂಗಾ ಸೇರಿಸಿ ಚೆನ್ನಾಗಿ ಕುಟ್ಟಿದರು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಜೊತೆ ಬಡಿಸಿದರು. ಹೊಸ ಮನೆಯ ಮಣ್ಣಿನ ಮೊದಲ ಊಟ ಎಂದು ಇವರ ತಟ್ಟೆಗೆ ಎರಡು ಪಾಲು ಬಿತ್ತು.

ಇವರು ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದರು. ಅಗಿದರು, ಅಗಿದರು, ಮುಗಿಯಲಿಲ್ಲ. ಖಾರ ಒಳಗೆ ಇಳಿಯಿತು, ಸೊಪ್ಪು ಇಳಿಯಲಿಲ್ಲ. ಅದು ಬಾಯಲ್ಲಿ ಉಂಡೆ ಕಟ್ಟಿ ನಾಲಿಗೆಗೆ ಅಂಟಿ ಕೂತಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಮೂಗಿನಿಂದ ಒಂದು ಬಿಳಿ ಎಳೆಯೂ ಬಂತು. ಅತ್ತೆ ಮಗನ ಬೆನ್ನಿಗೆ ಗುದ್ದುತ್ತ, ಹಲ್ಲು ಇಲ್ಲದ ನಾನೇ ನುಂಗಿದೆ, ನಿನಗೇನು ಧಾಡಿ ಎಂದು ಬೈದರು. ಆಮೇಲೆ ತಿಳಿಯಿತು, ಅವರು ನುಂಗಿರಲಿಲ್ಲ, ದವಡೆಯಲ್ಲಿಟ್ಟುಕೊಂಡಿದ್ದರು.

ಗದ್ದಲ ಕೇಳಿ ಪಕ್ಕದ ಮನೆಯ ಅಕ್ಕ ಬಂದರು. ತಟ್ಟೆಯಿಂದ ಚೂರು ತೆಗೆದು ನಾಲಿಗೆಗಿಟ್ಟುಕೊಂಡು, ಮುಖ ಹುಳ್ಳಗೆ ಮಾಡಿ, ಮತ್ತೆ ಹೊರತೆಗೆದು ಬೆಳಕಿಗೆ ಹಿಡಿದರು.

"ಇದಿ ಕೂರ ಕಾದಮ್ಮಾ, ಗೊಂಗಡಿ."

ಇದು ಪಲ್ಯದ ಸೊಪ್ಪಲ್ಲ, ಗೊಂಗಡಿ ಎಂದರು; ಗೊಂಗಡಿ ಎಂದರೆ ಕಂಬಳಿ. ಅದಕ್ಕೆ ಯಾವ ಸೂತ್ರವೂ ಬೇಕಾಗಲಿಲ್ಲ, ನಮ್ಮ ಕಡೆಯೂ ಅದೇ ಮಾತು. ಪಿಂಡಿ ಕೂರ ಬೆಂದರೆ ಮೆತ್ತಗಾಗುತ್ತದೆ, ಇದು ಅದಲ್ಲ, ದೂರದಿಂದ ನೋಡಿ ತಪ್ಪು ಹೇಳಿದೆ ಎಂದು ಅವರು ಪೇಚಾಡಿಕೊಂಡರು. ಇವರು ಮೊಸರು ಕುಡಿದು ಮಲಗಿದರು. ನಾನು ಮಾತ್ರ ತಟ್ಟೆಯಲ್ಲಿ ಉಳಿದ ಬಿಳಿ ಎಳೆಗಳನ್ನು ಬೆರಳಿನಿಂದ ಬಿಡಿಸುತ್ತ ಕೂತೆ. ಪಿಂಡಿಯಾಗಿದ್ದರೆ ಒಣ ನೆಲ. ಪಿಂಡಿಯಲ್ಲದಿದ್ದರೆ?

ಮರುದಿನದಿಂದ ನಾನು ಆ ಗಿಡವನ್ನು ಪಿಂಡಿಯೇ ಎಂದು ಸಾಧಿಸಲು ಟೊಂಕ ಕಟ್ಟಿ ನಿಂತೆ. ಇದು ಸತ್ಯಶೋಧನೆ ಅಲ್ಲ, ವಕೀಲಿ. ಉತ್ತರ ಮೊದಲೇ ಗೊತ್ತಿತ್ತು, ಸಾಕ್ಷಿ ಒದಗಿಸುವುದಷ್ಟೇ ಬಾಕಿ. ಅತ್ತೆ ಕುಟ್ಟದೆ ಉಳಿಸಿದ್ದ ನಾಲ್ಕಾರು ಗಿಡ ಬುಟ್ಟಿಯಲ್ಲಿದ್ದವು. ಕಾಲೇಜಿನ ಹಳೆಯ ಮಸೂರ ಸೂಜಿದಾರದ ಡಬ್ಬಿಯಲ್ಲಿತ್ತು, ಬೆರಳಿಗೆ ಸಿಬಿರು ಚುಚ್ಚಿದಾಗ ಮಾತ್ರ ಹೊರಬರುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಬಿಳಿ ಹಾಳೆ ಹಾಸಿ ಕೂತೆ.

ಪಿಂಡಿಯ ಬೇರು ಮೂಸಿದರೆ ಕರ್ಪೂರದ ವಾಸನೆ ಇರಬೇಕು. ಮೂಸಿದೆ. ಮಣ್ಣಿನ ವಾಸನೆ. ದೇವರ ಮುಂದಿನ ಡಬ್ಬಿಯಿಂದ ಕರ್ಪೂರ ತಂದು ಒಮ್ಮೆ ಮೂಸಿ ನೆನಪು ಮಾಡಿಕೊಂಡು, ಮತ್ತೆ ಬೇರು ಮೂಸಿದೆ. ಈಗ ಕರ್ಪೂರದ ವಾಸನೆ ಚೆನ್ನಾಗಿಯೇ ಬಂತು. ಅತ್ತೆಗೂ ಮೂಸಿಸಿದೆ. ಅವರು, "ನಿನ್ನ ಬೆರಳ ವಾಸನೀನವಾ ಅದು" ಎಂದರು.

ಪಿಂಡಿಯ ಹೂವು ಕಾಂಡದುದ್ದಕ್ಕೂ ಎಲೆಯ ಬುಡದಲ್ಲಿ ಕೂತಿರುತ್ತದೆ. ಇಲ್ಲಿ ಹೂವೆಲ್ಲ ತುದಿಯಲ್ಲೇ ಗುಂಪುಗೂಡಿದ್ದವು. ಇರಲಿ, ಬಿಸಿಲಿಗೆ ಮೇಲೆ ಸರಿದಿರಬಹುದು ಎಂದುಕೊಂಡೆ. ಕೊನೆಯ ಪರೀಕ್ಷೆ ಬೀಜದ್ದು. ಪಿಂಡಿಯ ಹೂವನ್ನು ಉಜ್ಜಿದರೆ ಒಳಗೆ ಮಿರಿಮಿರಿ ಮಿಂಚುವ ಒಂದೇ ಒಂದು ಕರಿ ಬೀಜ ಸಿಗಬೇಕು. ಹಾಳೆಯ ಮೇಲೆ ಹೂವೊಂದನ್ನು ಉಜ್ಜಿದೆ. ಎಳೆ ಎಳೆಯಾಗಿ ಏನೋ ಹಾರಿಹೋಯಿತು, ಬೀಜ ಕಾಣಲಿಲ್ಲ. ಇನ್ನೊಂದು ಉಜ್ಜಿದೆ, ಮತ್ತೊಂದು ಉಜ್ಜಿದೆ. ಒಂದಾದರೂ ಸಿಗಲಿ ದೇವರೇ ಎಂದು ಉಜ್ಜುತ್ತಲೇ ಹೋದೆ. ಸಿಕ್ಕಿತು! ಹಾಳೆಯ ಮೂಲೆಯಲ್ಲಿ ಗುಂಡಗೆ, ಕಪ್ಪಗೆ, ಮಿಂಚುತ್ತ ಕೂತಿತ್ತು. ಇವರನ್ನು ಕೂಗಿ ಕರೆದೆ. ಇವರು ಮಸೂರದಲ್ಲಿ ನೋಡಿ ಶಾಸ್ತ್ರಜ್ಞರ ಹಾಗೆ ತಲೆಯಾಡಿಸಿದರು. ಅತ್ತೆ ಬಂದು ಅದನ್ನು ಬೆರಳಿನಿಂದ ಎತ್ತಿ ಬಾಯಿಗೆ ಹಾಕಿಕೊಂಡು, ಸಾಸಿವೆ ಎಂದರು. ಒಗ್ಗರಣೆಯಿಂದ ಸಿಡಿದದ್ದು.

ಆದರೂ ನಾನು ಬಿಡಲಿಲ್ಲ. ಸುಲ್ತಾನ್ ಬಜಾರಿನ ಒಳಗಿನ ಗಲ್ಲಿಯಲ್ಲಿ ಬೇರು, ನಾರು, ಚೂರ್ಣ ಮಾರುವ ಹಳೆಯ ಅಂಗಡಿಯೊಂದಿತ್ತು. ಅಲ್ಲಿಯ ಸಾಹೇಬರು ಗಡ್ಡ ನೀವುತ್ತ ಗಿಡವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇದು ಪಿಂಡಿಯೇ ಹೌದೋ ಅಲ್ಲವೋ ಎಂದು ಕೇಳಿದೆ. "ಆಪ್ ಕು ಕ್ಯಾ ಹೋನಾ ಬೋಲೋ ಅಮ್ಮಾ, ಯೇ ವಹೀಚ್ ಹೈ" ಎಂದರು. ನಿಮಗೆ ಯಾವುದು ಬೇಕೋ ಹೇಳಿ, ಇದು ಅದೇ. ಇಡೀ ಹೈದರಾಬಾದಿನಲ್ಲಿ ನನ್ನ ಮನಸ್ಸನ್ನು ಅಷ್ಟು ಚೆನ್ನಾಗಿ ಅರಿತವರು ಅವರೊಬ್ಬರೇ. ಆದರೆ ಅದನ್ನು ಸಾಕ್ಷಿ ಎಂದು ಒಪ್ಪಿಕೊಳ್ಳಲು ನನ್ನಿಂದಲೂ ಆಗಲಿಲ್ಲ.

ಸನತ್‌ನಗರದ ಬಸ್‌ಸ್ಟಾಪಿನ ಹತ್ತಿರ ಹೊಸದಾಗಿ ಇಂಟರ್ನೆಟ್ ಅಂಗಡಿ ತೆರೆದಿತ್ತು. ಅಲ್ಲಿಯ ಹುಡುಗಿ ನನ್ನನ್ನು ನೋಡಿದ ಕೂಡಲೇ, ಆಂಟಿ, ಅಮೆರಿಕಾ ವೀಸಾನಾ ಎಂದಳು. ಆ ವಯಸ್ಸಿನ ಹೆಂಗಸರು ಬೇರೆ ಯಾವ ಕೆಲಸಕ್ಕೂ ಅಲ್ಲಿಗೆ ಬರುತ್ತಿರಲಿಲ್ಲ. ಹೂವು ಹುಡುಕಬೇಕು ಎಂದಾಗ ಮದುವೆ ಮಂಟಪಕ್ಕಾ ಎಂದಳು. ಸಣ್ಣ ಉಣ್ಣೆಯ ಹೂವು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದೆ. ಬಹಳ ಹೊತ್ತಿನ ಮೇಲೆ ಪರದೆಯ ನೆತ್ತಿಯಿಂದ ಒಂದು ಚಿತ್ರ ಇಂಚಿಂಚಾಗಿ ಇಳಿಯತೊಡಗಿತು. ಬಿಳಿ, ಇನ್ನೂ ಬಿಳಿ, ಉಣ್ಣೆ ಹೌದು, ಆಮೇಲೆ ಎರಡು ಕಣ್ಣು. ಕುರಿ. ಅದರ ಕೆಳಗೆ ಹೂವಿನ ಡಿಸೈನಿನ ಸ್ವೆಟರು. ಹುಡುಗಿ, ಪ್ರಿಂಟ್ ತೆಗೆಯಲಾ ಎಂದಳು.

ಹಿಂದಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ, ಏನನ್ನೂ ಸಾಧಿಸುವ ಹಟವಿಲ್ಲದ ಆ ಹೊತ್ತಿನಲ್ಲಿ, ಹೆಸರು ತಾನಾಗಿ ಬಂತು. ಧಾರವಾಡದ ಹೊರಗಿನ ಒಂದು ಕೆರೆ. ನೀರು ಇಳಿದ ಚಳಿಗಾಲದಲ್ಲಿ ನಮ್ಮ ತರಗತಿಯನ್ನು ಕೆರೆಯ ಅಂಗಳಕ್ಕೆ ಕರೆದೊಯ್ದಿದ್ದ ಮೇಷ್ಟರು. ಚಪ್ಪಲಿ ಕೆಸರಲ್ಲಿ ಸಿಕ್ಕು ನಾವು ಕಿಸಕ್ಕೆಂದು ನಗುತ್ತಿದ್ದರೆ, ಅವರು ಬಗ್ಗಿ ಇದೇ ಗಿಡ ಕಿತ್ತು ಎತ್ತಿ ಹಿಡಿದಿದ್ದರು. ನ್ಯಾಫೇಲಿಯಂ. ಇಂಗ್ಲಿಷಿನಲ್ಲಿ ಬರೆದರೆ ಮೊದಲ ಅಕ್ಷರ ಗ, ಆದರೆ ಗ ಸತ್ತಿದೆ, ಓದುವಾಗ ಹಚ್ಚಬೇಡಿ ಎಂದಿದ್ದರು. ನೋಡಲು ಒಂದು ಹೂವು, ಬಿಡಿಸಿದರೆ ನೂರಾರು ಹೂವಿನ ಸಂತೆ, ಪ್ರತಿಯೊಂದಕ್ಕೂ ಹಾರಿಹೋಗಲು ರೇಷ್ಮೆಯ ಕೂದಲು. ಅದೇ ನನ್ನ ಹಾಳೆಯಿಂದ ಹಾರಿ ಹೋದದ್ದು. ಇದು ಕೆರೆಯ ಗಿಡ, ನೀರು ಹಿಂದೆ ಸರಿದಲ್ಲೆಲ್ಲ ಇದು ಮುಂದೆ ಬರುತ್ತದೆ ಎಂದೂ ಅವರು ಹೇಳಿದ್ದರು. ನಾನು ಕಾಲೇಜಿನಲ್ಲಿ ಕಲಿತದ್ದರಲ್ಲಿ ಮರೆಯಬೇಕಾದದ್ದೇನಾದರೂ ಇದ್ದರೆ ಅದೇ, ಅದೊಂದೇ ನೆನಪಾಗಬೇಕೇ!

ಅತ್ತೆಗೆ ಸಂತೆಗೆ ಹೋಗುತ್ತೇನೆ ಎಂದು ಹೇಳಿ, ಮರುದಿನ ಎರಡು ಬಸ್ಸು ಬದಲಿಸಿ ಒಬ್ಬಳೇ ಲೇಔಟಿಗೆ ಹೋದೆ. ಕಮಾನಿನ ಹತ್ತಿರ ಗರಸಿನ ದಿಬ್ಬದ ಮೇಲೆಯೂ ಬಿಳಿ ಗಿಡಗಳಿದ್ದವು. ಓಡಿಹೋಗಿ ಕಿತ್ತೆ. ಎಲೆಯ ಬುಡಕ್ಕೊಂದು ಗುಂಜು, ಉಜ್ಜಿದರೆ ಕರಿ ಬೀಜ, ಬೇರಿಗೆ ಕರ್ಪೂರ. ಅಪ್ಪಟ ಪಿಂಡಿ. ಅಲ್ಲಿಂದ ಇಳಿಜಾರಿಗೆ ನಡೆಯುತ್ತ ಬಂದೆ. ಪಿಂಡಿ ಕಡಿಮೆಯಾಗುತ್ತ ಬಂದು ಒಂದು ಕಡೆ ನಿಂತೇ ಹೋಯಿತು. ಅಲ್ಲಿಂದ ಕೆಳಕ್ಕೆ ಬರೀ ನ್ಯಾಫೇಲಿಯಂ. ಯಾರೋ ಸುಣ್ಣದಿಂದ ಗೆರೆ ಎಳೆದಂತೆ, ಹಳೆಯ ಕೆರೆಯ ನೀರು ಎಲ್ಲಿಯ ತನಕ ಬಂದು ನಿಲ್ಲುತ್ತಿತ್ತೋ ಆ ಗುರುತು ಆ ಎರಡು ಗಿಡಗಳ ನಡುವೆ ನೆಟ್ಟಗೆ ಸಾಗಿತ್ತು. ನಮ್ಮ ಗಡಿಕಲ್ಲು ಗೆರೆಯ ಈಚೆಗಿತ್ತು, ನೀರಿನ ಕಡೆಗೆ.

ಕಲ್ಲಿನ ಮೇಲೆ ಕೂತೆ. ನನಗೆ ಆ ಹೂವಿನ ಮೇಲೆ ಎಲ್ಲಿಲ್ಲದ ಕೋಪ ಬಂತು. "ನಿನಗ ಬ್ಯಾರೆ ಎಲ್ಲೂ ಜಾಗಾ ಸಿಗಲಿಲ್ಲೇನ" ಎಂದು ಗಟ್ಟಿಯಾಗಿ ಬೈದೆ. ದೂರದಲ್ಲಿ ಎಮ್ಮೆ ಕಾಯುತ್ತಿದ್ದ ಹೆಂಗಸು ತನಗೇ ಬೈದೆ ಎಂದುಕೊಂಡು ಎಮ್ಮೆಗಳನ್ನು ಆಚೆ ಹೊಡೆದುಕೊಂಡು ಹೋದಳು.

ಮನೆಗೆ ಬಂದಾಗ ಇವರು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮನೆಯ ನಕ್ಷೆ ಬರೆಯುತ್ತಿದ್ದರು. ಸ್ಕೇಲು, ಪೆನ್ಸಿಲ್ಲು, ರಬ್ಬರು, ಎಲ್ಲ ಕಾರ್ಖಾನೆಯ ಶಿಸ್ತು. ಅಡುಗೆಮನೆಯ ಮೂಡಣಕ್ಕೆ ದೊಡ್ಡ ಕಿಟಕಿ ಇಟ್ಟಿದ್ದರು. ಇಡಿ ಎಂದು ನಾನು ಕೇಳಿರಲಿಲ್ಲ, ಎಂದೋ ಆಡಿದ್ದ ನನ್ನ ಆಸೆಯನ್ನು ಅವರೇ ನೆನಪಿಟ್ಟು ಇಟ್ಟಿದ್ದರು. ಹೇಳದೆ ಬಿಟ್ಟರೆ ಯಾರಿಗೆ ತಿಳಿಯುತ್ತದೆ ಎಂದು ಕಣ್ಣು ಮಿಟುಕಿಸುವಷ್ಟು ಹೊತ್ತು ಅನ್ನಿಸಿತು. ನೀರಿಗೆ ತಿಳಿಯುತ್ತದೆ ಎಂದೂ ಅನ್ನಿಸಿತು. ಹೇಳಿಬಿಟ್ಟೆ.

ಇವರು ಮೊದಲು ನಕ್ಕರು. ಆಮೇಲೆ ಗಿಡದ ಕನ್ನಡದ ಹೆಸರು ಕೇಳಿದರು. ನನಗೆ ಗೊತ್ತಿದ್ದಂತೆ ಅದಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲ, ತೆಲುಗಿನ ಹೆಸರೂ ಪಕ್ಕದ ಅಕ್ಕನಿಗೆ ಗೊತ್ತಿರಲಿಲ್ಲ. ಸೂತ್ರ ಹಾಕಲು ಏನೂ ಸಿಗದೆ ಇವರು ಕಂಗಾಲಾದರು. ಹೆಸರೇ ಇಲ್ಲದ ಗಿಡದ ಸಲುವಾಗಿ ಮನೆ ಬಿಡಬೇಕೇ ಎಂದು ವಾದಿಸಿದರು. ಇಂಗ್ಲಿಷಿನಲ್ಲಿ ಬರೆದು ತೋರಿಸಿದಾಗ 'ಗ್ನಾ' ಎಂದು ಶುರುಮಾಡಿದರು. ಗ ಹಚ್ಚಬಾರದು ಎಂದೆ. ಹಚ್ಚಬಾರದ ಅಕ್ಷರ ಬರೆಯುವುದು ಯಾಕೆ, ಬರೆದದ್ದನ್ನು ಬಿಡುವುದು ಯಾಕೆ, ಇಂಥವರ ಮಾತು ನಂಬುವುದು ಹೇಗೆ ಎಂದು ಸಿಟ್ಟಾದರು. ಪಿಂಡಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು, ಮಸೂರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಸೀನಿದರು. ಮತ್ತೆ ನೋಡಿದರು. ಆಮೇಲೆ ಮಸೂರ ಕೆಳಗಿಟ್ಟು ನನ್ನ ಮುಖ ನೋಡಿದರು.

"ಖರೇ ಹೇಳು. ನಿನಗ ಆ ಜಾಗಾ ಬೇಕೋ ಬ್ಯಾಡೋ?"

"ಬೇಕ್ರಿ. ಭಾಳ ಬೇಕು. ಆದರ ಅಲ್ಲಿ ನೀರ ಐತಿ."

ಅವರು ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟರು. ಪೆನ್ಸಿಲ್ಲು, ರಬ್ಬರುಗಳನ್ನು ಡಬ್ಬಿಗೆ ಹಾಕಿ ಮುಚ್ಚಿ, ಸ್ಕೂಟರು ಒರೆಸಲು ಹೋದರು.

ಭಾನುವಾರ ದಲಾಲಿ ಬಂದ. ಟೋಕನ್ನಿನ ಕಾಗದ, ಪೆನ್ನು, ಸಿಹಿಯ ಪೊಟ್ಟಣ, ಎಲ್ಲ ಸಿದ್ಧ ಮಾಡಿಕೊಂಡೇ ಬಂದಿದ್ದ. ನಾನು ಚಹಾ ತಂದಿಟ್ಟು ಬಾಗಿಲಿಗೆ ಆತು ನಿಂತೆ. ಇವರು ಏನು ಹೇಳುತ್ತಾರೆಂದು ನನಗೂ ಗೊತ್ತಿರಲಿಲ್ಲ. ಇವರು ಚಹಾ ಪೂರ್ತಿ ಕುಡಿದು, ಬಶಿ ಕೆಳಗಿಟ್ಟು, ಆ ಜಾಗ ನಮಗೆ ಬೇಡ, ಅದು ಕೆರೆಯ ಅಂಗಳ ಎಂದರು. ದಲಾಲಿ ತನ್ನ ಹತ್ತಿರ ಎಲ್ಲ ಕಾಗದ ಇವೆ, ಯಾವ ಕಾಗದದಲ್ಲೂ ಕೆರೆ ಇಲ್ಲ ಎಂದ. ನೆಲದಲ್ಲಿ ಇದೆ ಎಂದರು ಇವರು. ಯಾರು ಹೇಳಿದ್ದು ಎಂದು ಅವನು ಕೇಳಿದ.

"ನ್ಯಾಫೇಲಿಯಂ. ಗ ಐತಿ, ಆದರ ಅನ್ನಂಗಿಲ್ಲ."

ದಲಾಲಿಗೆ ಅದು ಯಾವುದೋ ಇಲಾಖೆಯ ಸಾಹೇಬರ ಹೆಸರಿನಂತೆ ಕೇಳಿರಬೇಕು, ಒಂದು ಕ್ಷಣ ಹೆದರಿದ. ಗಿಡ ಎಂದು ತಿಳಿದ ಮೇಲೆ ಧೈರ್ಯ ಬಂದು, ನಗುತ್ತ ನನ್ನ ಕಡೆ ತಿರುಗಿದ. "ವೈನಿ, ಒಂದು ಹುಲ್ಲ ನೋಡಿ ಇಂಥಾ ಜಾಗಾ ಬಿಡ್ತಾರೇನ್ರಿ ಯಾರರೆ?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು. "ಅಕಿ ಬಾಟನಿ ಕಲತಾಕಿ. ಅಕಿ ಹೇಳ್ಯಾಳಂದ್ರ ಮುಗೀತು."

ನಾನು ಒಳಗೆ ಹೋಗಿ ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಸಂತೋಷಕ್ಕೋ, ಕೈಬಿಟ್ಟು ಹೋದ ಮನೆಯ ದುಃಖಕ್ಕೋ, ಅಳು ಬಂತು. ಎರಡಕ್ಕೂ ಇರಬೇಕು. ಹೊರಗೆ ಅತ್ತೆ, ನನ್ನ ನಾಲಿಗೆಗೆ ಮೊದಲೇ ಗೊತ್ತಾಗಿತ್ತು, ಒಳ್ಳೆಯ ನೆಲದ ಸೊಪ್ಪು ಹಾಗೆ ಗಂಟಲು ಹಿಡಿಯುವುದಿಲ್ಲ ಎಂದು ದಲಾಲಿಗೆ ತಿಳಿಸಿಕೊಡುತ್ತಿದ್ದರು. ಸಿಹಿಯ ಪೊಟ್ಟಣವನ್ನು ಅವನು ವಾಪಸು ಒಯ್ಯುವುದರೊಳಗೆ ತೆರೆದೂ ಬಿಟ್ಟಿದ್ದರು.

ಆ ಮಳೆಗಾಲ ಅಲ್ಲಿ ನೀರು ನಿಂತಿತೇ ಎಂದು ಎಲ್ಲರೂ ಕೇಳುತ್ತಾರೆ. ನಿಂತಿತು, ಆದರೆ ಮೊಣಕಾಲಿನ ತನಕ. ಇವರು ಸ್ಕೂಟರಿನ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಕಡೇ ಪಕ್ಷ ಸೊಂಟದ ಮಟ್ಟಕ್ಕಾದರೂ ಬರಬೇಕಿತ್ತು ಎಂದು ಇವರಿಗೇ ಅಸಮಾಧಾನ, ಮಂದಿಗೆ ಹೇಳುವಾಗ ಕುತ್ತಿಗೆಯ ತನಕ ಎಂದೇ ಹೇಳುತ್ತಿದ್ದರು. ಹೀಗಾಗಿ ನಾವು ಬಿಟ್ಟುಬಂದ ಕ್ವಾರ್ಟರ್ಸಿನ ತುಂಬ ನನ್ನ ಹೆಸರು ಹಬ್ಬಿತು. ಪ್ಲಾಟು ಕೊಳ್ಳಲು ಹೊರಟವರೆಲ್ಲ, ವೈನಿ, ಒಂಚೂರು ಬಂದು ಹುಲ್ಲು ನೋಡಿ ಹೋಗಿ ಎಂದು ಆಟೋ ತರುತ್ತಿದ್ದರು. ನಾನು ಮಸೂರ ಹಿಡಿದು ಓಡಾಡುವಾಗ ದಲಾಲಿಗಳು ಬಿಸಿಲಲ್ಲಿ ಬೆವರುತ್ತ ನಿಲ್ಲುತ್ತಿದ್ದರು. ಪಾರ್ಥೇನಿಯಂ ಇದ್ದರೆ ಏನರ್ಥ ಎಂದು ಒಬ್ಬರು ಕೇಳಿದರು. ಏನೂ ಅರ್ಥವಿಲ್ಲ, ಅದು ಎಲ್ಲಾ ಕಡೆ ಬೆಳೆಯುತ್ತದೆ ಎಂದದ್ದನ್ನೂ ಅವರು ಬರೆದುಕೊಂಡರು.

ನಮಗೆ ಮಾತ್ರ ಹುಲ್ಲು ಒಪ್ಪಿದ ಜಾಗ ಕೈಗೆ ಎಟುಕಲಿಲ್ಲ, ಕೈಗೆ ಎಟುಕಿದ ಜಾಗವನ್ನು ಹುಲ್ಲು ಒಪ್ಪಲಿಲ್ಲ. ಕ್ವಾರ್ಟರ್ಸ್ ಬಿಟ್ಟು ಕೆಲವು ತಿಂಗಳು ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಫ್ಲ್ಯಾಟು ಕೊಂಡೆವು. ಅಂಗಳವಿಲ್ಲ, ಮಣ್ಣಿಲ್ಲ, ಗುರುತಿಸಲು ಒಂದು ಕಳೆಯೂ ಇಲ್ಲ. ಅತ್ತೆ ಮೂರು ಮಹಡಿ ಹತ್ತಿ ಬಂದು, ಇಲ್ಲಿಗೆ ನೀರು ಬಂದರೆ ಊರೇ ಉಳಿಯುವುದಿಲ್ಲ ಎಂದು ಸಮಾಧಾನಪಟ್ಟುಕೊಂಡರು. ನನಗೆ ಅಷ್ಟು ಸಮಾಧಾನವಾಗಲಿಲ್ಲ. ನನ್ನ ಮಣ್ಣು ಎಂದು ಹೇಳಿಕೊಳ್ಳಲು ಹೂಕುಂಡದಲ್ಲಿದ್ದಷ್ಟೇ ಮಣ್ಣು ಎಂದು ಒಳಗೊಳಗೇ ಕೊರಗುತ್ತಿದ್ದೆ.

ಹಾಲು ಉಕ್ಕಿಸಿದ ದಿನ ಇವರು ಬೆಳಿಗ್ಗೆಯೇ ನಾಂಪಲ್ಲಿಗೆ ಹೋಗಿ, ಕಾಗದದಲ್ಲಿ ಸುತ್ತಿದ ಏನನ್ನೋ ತಂದು, ಬಾಗಿಲ ಹೊರಗೆ ಟಕಟಕ ಎಂದು ಬಡಿಯುತ್ತಿದ್ದರು. ಹೋಗಿ ನೋಡಿದೆ. ಹಿತ್ತಾಳೆಯ ಹೆಸರಿನ ಫಲಕ. ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು, ಅದರ ಮುಂದೆ ಬಿ.ಎಸ್ಸಿ., ಬಾಟನಿ. ಕೆಳಗೆ ಸಣ್ಣದಾಗಿ ಇವರ ಹೆಸರು, ಬರೀ ಹೆಸರು.

ತಲೆ ಕೆಟ್ಟಿದೆಯೇ, ಮಂದಿ ನಗುತ್ತಾರೆ, ತೆಗೆಯಿರಿ ಎಂದು ಬೈದೆ. ಬಡಿದಾಯಿತು, ತೆಗೆದರೆ ಬಾಗಿಲು ಕೆಡುತ್ತದೆ ಎಂದರು. ಅಷ್ಟರಲ್ಲಿ ಮೇಲಿನ ಮಹಡಿಯ ಹೆಂಗಸೊಬ್ಬರು ಇಳಿಯುತ್ತ, ನಿಂತು ಅದನ್ನು ಓದಿ, ತಮ್ಮ ತುಳಸಿ ಯಾಕೋ ಬಾಡುತ್ತಿದೆ, ಬಿಡುವಾದಾಗ ಬಂದು ನೋಡುತ್ತೀರಾ ಮೇಡಂ ಎಂದು ತೆಲುಗಿನಲ್ಲಿ ಕೇಳಿದರು. ಬರುತ್ತೇನೆ ಎಂದೆ. ಇವರು ಸುತ್ತಿಗೆ ಎತ್ತಿಕೊಂಡು, ಏನೂ ಆಗದವರಂತೆ ಒಳಗೆ ಹೋಗಿ ಚಹಾ ಕೇಳಿದರು. ನಾನು ಹೊರಗೆ ನಿಂತು ಇನ್ನೊಂದು ಸಲ ಓದಿಕೊಂಡು, ನನ್ನ ಮನೆಯೊಳಗೆ ಹೋದೆ.